ನಾಯಿ ತಳಿ ಸಂವರ್ಧನೆಯಲ್ಲಿ ಒಪ್ಪಂದಗಳು ಮತ್ತು ಕಾನೂನು ಹೊಣೆಗಾರಿಕೆ

ನಾಯಿ ತಳಿ ಸಂವರ್ಧನೆಯ ಒಪ್ಪಂದಗಳು ಎಂದರೆ ನಿರ್ದಿಷ್ಟ ತಳಿಯ ನಾಯಿಗಳನ್ನು ಕೂಡಿಸುವುದು, ಹುಟ್ಟಿದ ಮರಿಗಳನ್ನು ಹಂಚಿಕೊಳ್ಳುವುದು ಅಥವಾ ಮಾರುವುದು, ಹೆಣ್ಣುನಾಯಿಯನ್ನು ಜಂಟಿಯಾಗಿ ಇಲ್ಲವೆ ಗುತ್ತಿಗೆಯ ಮೇಲೆ ಸಾಕುವುದು ಮೊದಲಾದ ವ್ಯವಹಾರಗಳಲ್ಲಿ ಪಕ್ಷಗಾರರ ಹಕ್ಕು ಮತ್ತು ಹೊಣೆಗಳನ್ನು ಗೊತ್ತುಪಡಿಸುವ ಕರಾರುಗಳು. ಭಾರತದಲ್ಲಿ ಇವುಗಳಿಗಾಗಿಯೇ ರಚಿತವಾದ ಪ್ರತ್ಯೇಕ ಕರಾರು ಕಾನೂನು ಇಲ್ಲ. ಭಾರತೀಯ ಕರಾರು ಕಾಯ್ದೆ 1872, ಸರಕು ಮಾರಾಟ ಕಾಯ್ದೆ 1930 ಮತ್ತು ಗ್ರಾಹಕ ಸಂರಕ್ಷಣಾ ಕಾಯ್ದೆ 2019 ಇವೇ ಸಾಮಾನ್ಯವಾಗಿ ಅನ್ವಯಿಸುತ್ತವೆ. ಇದರೊಡನೆ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ 1960 ಮತ್ತು ಅದರಡಿಯಲ್ಲಿ 2017ರಲ್ಲಿ ಹೊರಬಂದ ನಾಯಿ ತಳಿ ಸಂವರ್ಧನೆ ಹಾಗೂ ಮಾರಾಟ ನಿಯಮಗಳು ತಳಿ ಸಂವರ್ಧಕರ ಮೇಲೆ ಕರಾರಿನಿಂದ ತಪ್ಪಿಸಿಕೊಳ್ಳಲಾಗದ ಕೆಲವು ಹೊಣೆಗಳನ್ನು ಹೊರಿಸಿವೆ.

ಕರಾರು ಮತ್ತು ಸರಕು ಮಾರಾಟದ ಕಾನೂನುಗಳ ದೃಷ್ಟಿಯಲ್ಲಿ ನಾಯಿಯು ಒಂದು ಚರಾಸ್ತಿ. ಪ್ರಾಣಿ ರಕ್ಷಣೆಯ ಕಾನೂನಿನ ದೃಷ್ಟಿಯಲ್ಲಿ ಅದು ನೋವನ್ನು ಅನುಭವಿಸಬಲ್ಲ ಜೀವಿ. ಈ ಕ್ಷೇತ್ರದ ಬಹುತೇಕ ವಿವಾದಗಳು ಈ ಎರಡು ದೃಷ್ಟಿಗಳು ಸಂಧಿಸುವ ಸ್ಥಳದಲ್ಲಿಯೇ ಹುಟ್ಟುತ್ತವೆ.

ಹಿನ್ನೆಲೆ

ಪ್ರಾಣಿಗಳ ರಕ್ಷಣೆಗಾಗಿ ಸಮಗ್ರ ಕಾನೂನು ಬೇಕೆಂದು ಕಲಾವಿದೆ ರುಕ್ಮಿಣೀದೇವಿ ಅರುಂಡೇಲ್ ಅವರು 1953ರಲ್ಲಿ ರಾಜ್ಯಸಭೆಯಲ್ಲಿ ಖಾಸಗಿ ಮಸೂದೆಯೊಂದನ್ನು ಮಂಡಿಸಿದರು. ಅದರ ಫಲವಾಗಿ 1960ರಲ್ಲಿ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ ಜಾರಿಯಾಯಿತು. ಆ ಕಾಯ್ದೆಯಂತೆ 1962ರಲ್ಲಿ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯು ಸ್ಥಾಪನೆಗೊಂಡಿತು. ಅರುಂಡೇಲ್ ಅವರೇ ಅದರ ಮೊದಲ ಅಧ್ಯಕ್ಷರಾದರು. ಕಾಯ್ದೆಯ 3ನೆಯ ಕಲಂ, ಪ್ರಾಣಿಯನ್ನು ತನ್ನ ವಶದಲ್ಲಿ ಇಟ್ಟುಕೊಂಡ ಪ್ರತಿಯೊಬ್ಬನೂ ಅದರ ಕ್ಷೇಮಕ್ಕೆ ಬೇಕಾದ ಎಲ್ಲ ಯುಕ್ತ ಕ್ರಮಗಳನ್ನು ಕೈಗೊಳ್ಳಬೇಕು, ಅದಕ್ಕೆ ಅನಗತ್ಯ ನೋವು ಉಂಟಾಗದಂತೆ ತಡೆಯಬೇಕು ಎಂದು ವಿಧಿಸುತ್ತದೆ.

ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ ಮತ್ತು ಎ. ನಾಗರಾಜ ನಡುವಣ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2014ರ ಮೇ 7ರಂದು ನೀಡಿದ ತೀರ್ಪು ಈ ಕಲಮಿಗೆ ಹೊಸ ಬಲವನ್ನು ತಂದಿತು. ಹಸಿವು ಬಾಯಾರಿಕೆಗಳಿಂದ, ಭಯ ಮತ್ತು ಸಂಕಟದಿಂದ, ದೈಹಿಕ ತೊಂದರೆಯಿಂದ, ನೋವು ಮತ್ತು ರೋಗದಿಂದ ಮುಕ್ತವಾಗಿರುವುದು ಹಾಗೂ ಸಹಜ ವರ್ತನೆಗೆ ಅವಕಾಶ ಪಡೆಯುವುದು ಎಂಬ ಐದು ಸ್ವಾತಂತ್ರ್ಯಗಳನ್ನು ಕಾಯ್ದೆಯ 3 ಮತ್ತು 11ನೆಯ ಕಲಮುಗಳೊಳಗೆ ಓದಿಕೊಳ್ಳಬೇಕೆಂದು ನ್ಯಾಯಾಲಯವು ಹೇಳಿತು. ಜೀವಿಗಳಲ್ಲಿ ದಯೆ ತೋರುವುದು ಪ್ರತಿಯೊಬ್ಬ ನಾಗರಿಕನ ಮೂಲಭೂತ ಕರ್ತವ್ಯವೆಂದು ಸಾರುವ ಸಂವಿಧಾನದ 51ಎ(ಜಿ) ವಿಧಿಯನ್ನೂ ಅದು ಆಧಾರವಾಗಿ ತೆಗೆದುಕೊಂಡಿತು. ಮರುವರ್ಷ, ಅಂದರೆ 2015ರಲ್ಲಿ, ಭಾರತೀಯ ಕಾನೂನು ಆಯೋಗವು ತನ್ನ 261ನೆಯ ವರದಿಯಲ್ಲಿ ಸಾಕುಪ್ರಾಣಿ ಅಂಗಡಿಗಳು ಮತ್ತು ನಾಯಿ ತಳಿ ಸಂವರ್ಧನೆಯನ್ನು ನಿಯಂತ್ರಿಸುವ ಅಗತ್ಯವನ್ನು ಎತ್ತಿ ತೋರಿಸಿತು. 2017ರ ಮೇ 23ರಂದು ಕೇಂದ್ರ ಸರ್ಕಾರವು ನಾಯಿ ತಳಿ ಸಂವರ್ಧನೆ ಮತ್ತು ಮಾರಾಟ ನಿಯಮಗಳನ್ನು ಅಧಿಸೂಚಿಸಿತು. ಸಾಕುಪ್ರಾಣಿ ಅಂಗಡಿಗಳಿಗೆ ಸಂಬಂಧಿಸಿದ ಪ್ರತ್ಯೇಕ ನಿಯಮಗಳು 2018ರಲ್ಲಿ ಬಂದವು.

2017ರ ನಿಯಮಗಳು

ಮಾರಾಟದ ಉದ್ದೇಶದಿಂದ ನಿರ್ದಿಷ್ಟ ತಳಿಯ ನಾಯಿಗಳನ್ನು ಸಾಕಿ ಮರಿ ಮಾಡಿಸುವ ವ್ಯಕ್ತಿ ಅಥವಾ ಗುಂಪನ್ನು ಈ ನಿಯಮಗಳು ತಳಿ ಸಂವರ್ಧಕ ಎಂದು ಕರೆಯುತ್ತವೆ. ಆಡುಮಾತಿನಲ್ಲಿ ಇವರಿಗೆ ಬ್ರೀಡರ್ ಎಂಬ ಹೆಸರೇ ರೂಢಿಯಲ್ಲಿದೆ. ನಡುವಣ ವ್ಯಾಪಾರಿಗಳೂ ಈ ವ್ಯಾಖ್ಯೆಯಲ್ಲಿ ಸೇರುತ್ತಾರೆ. ಆದ್ದರಿಂದ ಮನೆಯ ಹಿತ್ತಲಿನಲ್ಲಿ ಒಂದೆರಡು ನಾಯಿಗಳನ್ನು ಇಟ್ಟುಕೊಂಡು ಮರಿಗಳನ್ನು ಮಾರುವವರು ತಮ್ಮದು ಚಿಕ್ಕ ಪ್ರಮಾಣವೆಂಬ ಕಾರಣ ನೀಡಿ ನಿಯಮಗಳಿಂದ ಹೊರಗುಳಿಯುವಂತಿಲ್ಲ.

ತಳಿ ಸಂವರ್ಧಕರು ತಮ್ಮ ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಕರ್ನಾಟಕದಲ್ಲಿ ಈ ಅಧಿಕಾರವು ಕರ್ನಾಟಕ ಪ್ರಾಣಿ ಕಲ್ಯಾಣ ಮಂಡಳಿಗೆ ಸೇರಿದೆ. ನೋಂದಣಿಯು ಎರಡು ವರ್ಷಗಳ ಅವಧಿಗೆ ಊರ್ಜಿತವಾಗಿದ್ದು, ಅದನ್ನು ಮತ್ತೊಬ್ಬರಿಗೆ ವರ್ಗಾಯಿಸಲು ಬರುವುದಿಲ್ಲ. ನಿಯಮಗಳ ಮುಖ್ಯ ಅಂಶಗಳು ಹೀಗಿವೆ:

• ಹೆಣ್ಣುನಾಯಿಗೆ 18 ತಿಂಗಳು ತುಂಬುವ ಮೊದಲು ಅದನ್ನು ಮರಿ ಮಾಡಿಸಲು ಬಳಸಬಾರದು. ಸಂಯೋಗಕ್ಕೆ ಮುಂಚೆ ಪಶುವೈದ್ಯರು ಅದು ಆರೋಗ್ಯವಾಗಿದೆಯೆಂದು ದೃಢೀಕರಿಸಿರಬೇಕು. ಒಂದೇ ಹೆಣ್ಣನ್ನು ಬಿಡುವಿಲ್ಲದೆ ಮೇಲಿಂದ ಮೇಲೆ ಸೂಲಿಗೆ ಬಳಸುವುದಕ್ಕೂ ಮಿತಿಯನ್ನು ಹಾಕಲಾಗಿದೆ.
• 8 ವಾರ ತುಂಬದ ಮರಿಯನ್ನು ಮಾರಬಾರದು.
• 6 ತಿಂಗಳು ಮೀರಿದ ನಾಯಿಯನ್ನು ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸದೆ ಮಾರಬಾರದು. ಕೊಳ್ಳುವವರು ಪರವಾನಗಿ ಪಡೆದ ಮತ್ತೊಬ್ಬ ತಳಿ ಸಂವರ್ಧಕರಾಗಿದ್ದಲ್ಲಿ ಮಾತ್ರ ವಿನಾಯಿತಿ ಉಂಟು.
• ಮರಿಗಳನ್ನು ಸಾರ್ವಜನಿಕ ಸ್ಥಳದಲ್ಲಿ ಪ್ರದರ್ಶನಕ್ಕಿಟ್ಟು ಮಾರಬಾರದು.
• ಮಾರಾಟದೊಡನೆ ರಸೀದಿ, ಲಸಿಕೆ ಮತ್ತು ಜಂತುನಾಶಕ ಔಷಧಿ ಕೊಟ್ಟ ದಿನಾಂಕಗಳು, ಆಹಾರ ಕ್ರಮ, ನೋಡಿಕೊಂಡ ಪಶುವೈದ್ಯರ ಹೆಸರು ಮತ್ತು ವಿಳಾಸ ಇವೆಲ್ಲವನ್ನೂ ಕೊಳ್ಳುವವರಿಗೆ ಬರವಣಿಗೆಯಲ್ಲಿ ಕೊಡಬೇಕು.
• ನಾಯಿಗಳಿಗೆ ಮೈಕ್ರೋಚಿಪ್ ಅಳವಡಿಸಿ ದಾಖಲೆಗಳನ್ನು ಕಾಪಾಡಬೇಕು.

ಈ ನಿಯಮಗಳಿಗೆ ವಿರುದ್ಧವಾದ ಕರಾರಿಗೆ ಬೆಲೆಯಿಲ್ಲ. ಕರಾರಿನ ಉದ್ದೇಶವು ಕಾನೂನಿನಿಂದ ನಿಷಿದ್ಧವಾಗಿದ್ದರೆ ಅಂಥ ಕರಾರು ಅನೂರ್ಜಿತವೆಂದು ಕರಾರು ಕಾಯ್ದೆಯ 23ನೆಯ ಕಲಂ ಹೇಳುತ್ತದೆ. ಉದಾಹರಣೆಗೆ, 5 ವಾರದ ಮರಿಯನ್ನು ಒಪ್ಪಿಸುವುದಾಗಿ ಉಭಯ ಪಕ್ಷದವರೂ ಸಹಿ ಹಾಕಿದ್ದರೂ ಆ ಷರತ್ತನ್ನು ನ್ಯಾಯಾಲಯದ ಮೂಲಕ ನೆರವೇರಿಸಿಕೊಳ್ಳಲಾಗದು.

ಒಪ್ಪಂದದ ರೂಪ

ನಾಯಿಗೆ ಸಂಬಂಧಿಸಿದ ಕರಾರು ಬರವಣಿಗೆಯಲ್ಲಿಯೇ ಇರಬೇಕೆಂಬ ಕಡ್ಡಾಯವಿಲ್ಲ. ಇಬ್ಬರು ವಯಸ್ಕರು ಸ್ವಇಚ್ಛೆಯಿಂದ, ಪ್ರತಿಫಲಕ್ಕೆ ಪ್ರತಿಯಾಗಿ, ಕಾನೂನುಬದ್ಧ ಉದ್ದೇಶಕ್ಕಾಗಿ ಬಾಯಿಮಾತಿನಲ್ಲಿ ಒಪ್ಪಿಕೊಂಡದ್ದೂ ಕರಾರೇ ಆಗುತ್ತದೆ. ಆದರೆ ವಿವಾದ ಉಂಟಾದಾಗ ಏನನ್ನು ಒಪ್ಪಲಾಗಿತ್ತು ಎಂಬುದನ್ನು ಸಾಬೀತುಪಡಿಸುವ ಭಾರವು ಅದನ್ನು ಹೇಳುವವರ ಮೇಲಿರುತ್ತದೆ. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 10ಎ ಕಲಮಿನಂತೆ, ವಿದ್ಯುನ್ಮಾನ ರೂಪದಲ್ಲಿದೆ ಎಂಬ ಒಂದೇ ಕಾರಣಕ್ಕೆ ಕರಾರು ಅನೂರ್ಜಿತವಾಗದು. ಆದ್ದರಿಂದ ವಾಟ್ಸ್‌ಆ್ಯಪ್ ಸಂದೇಶಗಳಲ್ಲಿ ನಡೆದ ಮಾತುಕತೆಯೂ ಒಪ್ಪಂದಕ್ಕೆ ಆಧಾರವಾಗಬಲ್ಲದು. ಅಂಥ ಸಂದೇಶಗಳನ್ನು ಸಾಕ್ಷ್ಯವಾಗಿ ಹಾಜರುಪಡಿಸುವಾಗ ಭಾರತೀಯ ಸಾಕ್ಷ್ಯ ಅಧಿನಿಯಮ 2023ರ 63ನೆಯ ಕಲಂ ಕೇಳುವ ಪ್ರಮಾಣಪತ್ರವನ್ನು ಲಗತ್ತಿಸಬೇಕಾಗುತ್ತದೆ.

ಲಿಖಿತ ಒಪ್ಪಂದವನ್ನು ಛಾಪಾ ಕಾಗದದ ಮೇಲೆ ಬರೆಯುವುದು ವಾಡಿಕೆ. ಸಾಕಷ್ಟು ಮುದ್ರಾಂಕ ಶುಲ್ಕ ತೆರದ ದಸ್ತಾವೇಜನ್ನು, ಕೊರತೆಯ ಶುಲ್ಕ ಮತ್ತು ದಂಡವನ್ನು ಕಟ್ಟುವ ತನಕ, ಸಾಕ್ಷ್ಯವಾಗಿ ಸ್ವೀಕರಿಸಲು ಕರ್ನಾಟಕ ಮುದ್ರಾಂಕ ಕಾಯ್ದೆ 1957 ಅವಕಾಶ ಕೊಡುವುದಿಲ್ಲ. ಹದಿನೆಂಟು ವರ್ಷ ತುಂಬದವರು ಮಾಡಿಕೊಂಡ ಕರಾರು ಅವರ ಮೇಲೆ ಬಂಧನಕಾರಿಯಾಗದು.

ಸಂಯೋಗ ಒಪ್ಪಂದ

ಹೆಣ್ಣುನಾಯಿಯು ಬೆದೆಗೆ ಬಂದಾಗ ಮತ್ತೊಬ್ಬರ ಗಂಡುನಾಯಿಯೊಂದಿಗೆ ಕೂಡಿಸಲು ಮಾಡಿಕೊಳ್ಳುವ ಕರಾರು ಇದು. ಈ ಕೂಡಿಸುವಿಕೆಯನ್ನು ಜನರು ಕ್ರಾಸ್ ಮಾಡಿಸುವುದು ಎನ್ನುತ್ತಾರೆ. ಗಂಡುನಾಯಿಗೆ ಸ್ಟಡ್ ಎಂಬ ಹೆಸರು ಬಳಕೆಯಲ್ಲಿದೆ. ಪ್ರತಿಫಲವು ಹಣದ ರೂಪದಲ್ಲಿ ಇರಬಹುದು, ಇಲ್ಲವೆ ಹುಟ್ಟುವ ಮರಿಗಳಲ್ಲಿ ಒಂದನ್ನು ಗಂಡುನಾಯಿಯ ಒಡೆಯನಿಗೆ ಕೊಡುವ ರೂಪದಲ್ಲಿ ಇರಬಹುದು.

ಎರಡನೆಯ ಬಗೆಯಲ್ಲಿ ಜಗಳಗಳು ಹೆಚ್ಚು. ಮೊದಲ ಆಯ್ಕೆ ಯಾರದು, ಆಯ್ಕೆಯನ್ನು ಎಷ್ಟನೆಯ ವಾರದಲ್ಲಿ ಮಾಡಬೇಕು, ಒಂದೇ ಮರಿ ಹುಟ್ಟಿದರೆ ಅಥವಾ ಬದುಕಿ ಉಳಿದರೆ ಅದು ಯಾರಿಗೆ ಸೇರಬೇಕು, ಗಂಡುನಾಯಿಯ ಒಡೆಯನು ಸಕಾಲಕ್ಕೆ ಬಂದು ಮರಿಯನ್ನು ಒಯ್ಯದಿದ್ದರೆ ಹಕ್ಕು ಎಂದಿಗೆ ಮುಗಿಯುತ್ತದೆ ಎಂಬುದನ್ನು ಮೊದಲೇ ಬರೆದಿಡದಿದ್ದರೆ ಪ್ರತಿಯೊಂದೂ ತಕರಾರಿಗೆ ಕಾರಣವಾಗುತ್ತದೆ. ನಾಯಿಯ ಗರ್ಭಾವಧಿ ಸುಮಾರು 63 ದಿನಗಳು. ಮರಿಯನ್ನು 8 ವಾರಗಳ ನಂತರವಷ್ಟೇ ಬೇರ್ಪಡಿಸಬಹುದು. ಅಂದರೆ ಸಂಯೋಗದ ದಿನ ಮಾತುಕೊಟ್ಟ ಪ್ರತಿಫಲವು ಕೈಸೇರಲು ಸುಮಾರು ನಾಲ್ಕು ತಿಂಗಳು ಬೇಕು. ಅಷ್ಟರಲ್ಲಿ ತಾಯಿಯ ಆರೈಕೆ, ಶಸ್ತ್ರಚಿಕಿತ್ಸೆಯ ಮೂಲಕ ಹೆರಿಗೆ, ಮರಿಗಳ ಲಸಿಕೆ ಮುಂತಾದ ವೆಚ್ಚಗಳೆಲ್ಲ ಹೆಣ್ಣುನಾಯಿಯ ಒಡೆಯನ ಮೇಲೆಯೇ ಬಿದ್ದಿರುತ್ತವೆ.

ಬೆಲ್ಜಿಯಂನ ಥ್ಯುಯೆಂ ಪಟ್ಟಣದಲ್ಲಿ ಕಾರ್ಯಾಲಯವನ್ನು ಹೊಂದಿರುವ, 1911ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಶ್ವಾನ ಒಕ್ಕೂಟವು ಈ ವಿಷಯದಲ್ಲಿ ನಿಯಮಾವಳಿಯೊಂದನ್ನು ರೂಪಿಸಿದೆ. ಪಕ್ಷಗಾರರು ಬೇರೆ ಒಪ್ಪಂದ ಮಾಡಿಕೊಳ್ಳದಿದ್ದಾಗ ಅನ್ವಯಿಸುವಂತೆ ಅದನ್ನು ರಚಿಸಲಾಗಿದೆ. ಅದರ ಪ್ರಕಾರ, ಸಂಯೋಗವಾದರೂ ಹೆಣ್ಣು ಗಬ್ಬವಾಗದಿದ್ದರೆ, ಗಂಡುನಾಯಿಯ ಒಡೆಯನು ಮುಂದಿನ ಬೆದೆಯಲ್ಲಿ ಉಚಿತವಾಗಿ ಮತ್ತೊಮ್ಮೆ ಕೂಡಿಸಬಹುದು, ಇಲ್ಲವೆ ಶುಲ್ಕದ ಶೇಕಡಾ 25ರಷ್ಟನ್ನು ಮರಳಿಸಬಹುದು. ಗೊತ್ತುಮಾಡಿದ ಗಂಡಿನ ಬದಲಿಗೆ ಬೇರೊಂದು ನಾಯಿಯು ಅಕಸ್ಮಾತ್ತಾಗಿ ಕೂಡಿದರೆ, ಆಗ ಹೆಣ್ಣನ್ನು ವಶದಲ್ಲಿ ಇಟ್ಟುಕೊಂಡಿದ್ದವನು ಅದನ್ನು ಮುಚ್ಚಿಡದೆ ತಿಳಿಸಿ ಖರ್ಚುಗಳನ್ನು ಭರಿಸಬೇಕು. ಈ ನಿಯಮಾವಳಿಯು ಭಾರತದಲ್ಲಿ ಶಾಸನದ ಸ್ಥಾನವನ್ನು ಪಡೆದಿಲ್ಲ. ಕರಾರಿನಲ್ಲಿ ಉಲ್ಲೇಖಿಸಿ ಒಪ್ಪಿಕೊಂಡಾಗ ಮಾತ್ರ ಅದು ಪಕ್ಷಗಾರರನ್ನು ಕಟ್ಟಿಹಾಕುತ್ತದೆ.

ಕೊನೆಯ ನಿಯಮದ ಹಿಂದೆ ಜೈವಿಕ ಕಾರಣವೊಂದಿದೆ. ಹೆಣ್ಣುನಾಯಿಯು ಒಂದೇ ಬೆದೆಯಲ್ಲಿ ಎರಡು ಗಂಡುಗಳೊಡನೆ ಕೂಡಿದರೆ ಒಂದೇ ಸೂಲಿನಲ್ಲಿ ಎರಡು ತಂದೆಗಳ ಮರಿಗಳು ಹುಟ್ಟಬಲ್ಲವು. ಅಂಥ ಸಂದೇಹ ಬಂದಾಗ ಡಿಎನ್‌ಎ ಪರೀಕ್ಷೆಯೊಂದೇ ನಿರ್ಣಾಯಕ. ಪರೀಕ್ಷೆಯ ವೆಚ್ಚವನ್ನು ಯಾರು ಕೊಡಬೇಕೆಂಬುದನ್ನು ಒಳ್ಳೆಯ ಒಪ್ಪಂದಗಳು ಮೊದಲೇ ಗೊತ್ತುಪಡಿಸಿರುತ್ತವೆ.

ಸಂಯೋಗಕ್ಕೆ ಮುಂಚಿನ ಆರೋಗ್ಯ ತಪಾಸಣೆಯೂ ಒಪ್ಪಂದದ ಮುಖ್ಯ ಅಂಗ. ಬ್ರುಸೆಲ್ಲಾ ಕೇನಿಸ್ ಎಂಬ ಬ್ಯಾಕ್ಟೀರಿಯಾ ಗರ್ಭಪಾತ ಮತ್ತು ಬಂಜೆತನವನ್ನು ಉಂಟುಮಾಡುತ್ತದೆ. ಅದು ಮನುಷ್ಯರಿಗೂ ಹರಡಬಲ್ಲದು. ಜನನಾಂಗದಲ್ಲಿ ಬೆಳೆಯುವ ಸಾಂಕ್ರಾಮಿಕ ಗಡ್ಡೆಯ ರೋಗವು ಸಂಯೋಗದ ಮೂಲಕವೇ ಒಂದು ನಾಯಿಯಿಂದ ಇನ್ನೊಂದಕ್ಕೆ ದಾಟುತ್ತದೆ. ಉಭಯ ನಾಯಿಗಳ ತಪಾಸಣೆಯ ವರದಿಯನ್ನು ಒಪ್ಪಂದಕ್ಕೆ ಲಗತ್ತಿಸಿದರೆ, ಮುಂದೆ ಸೋಂಕು ಕಾಣಿಸಿಕೊಂಡಾಗ ಯಾರಿಂದ ಬಂದಿತೆಂಬ ಪ್ರಶ್ನೆಗೆ ಆಧಾರ ದೊರೆಯುತ್ತದೆ.

ಮರಿ ಮಾರಾಟದ ಒಪ್ಪಂದ

ಸರಕು ಮಾರಾಟ ಕಾಯ್ದೆಯ ಪ್ರಕಾರ ಎಲ್ಲ ಬಗೆಯ ಚರಾಸ್ತಿಯೂ ಸರಕು, ನಾಯಿಮರಿಯೂ ಹೊರತಲ್ಲ. ವರ್ಣನೆಯ ಆಧಾರದ ಮೇಲೆ ಮಾರಿದ ವಸ್ತುವು ಆ ವರ್ಣನೆಗೆ ಹೊಂದಿಕೆಯಾಗಬೇಕೆಂಬ ಷರತ್ತು 15ನೆಯ ಕಲಮಿನಂತೆ ತಾನಾಗಿಯೇ ಸೇರಿಕೊಳ್ಳುತ್ತದೆ. ಶುದ್ಧ ಲ್ಯಾಬ್ರಡಾರ್ ಎಂದು ಹೇಳಿ ಮಿಶ್ರತಳಿಯ ಮರಿಯನ್ನು ಕೊಟ್ಟರೆ ಈ ಷರತ್ತು ಮುರಿದಂತೆ. ಮಾರುವವನಿಗೆ ಮಾರುವ ಹಕ್ಕು ಇರಬೇಕೆಂಬುದು 14ನೆಯ ಕಲಮಿನ ಷರತ್ತು. ಕದ್ದ ಮರಿಯನ್ನು ಅರಿಯದೆ ಕೊಂಡವರಿಗೂ ಸಾಮಾನ್ಯವಾಗಿ ಒಡೆತನ ದೊರೆಯದು.

ಗುಣಮಟ್ಟದ ವಿಷಯದಲ್ಲಿ, ಕೊಳ್ಳುವವನೇ ಎಚ್ಚರವಾಗಿರಬೇಕೆಂಬುದು ಹಳೆಯ ತತ್ತ್ವ. ಆದರೆ ಕೊಳ್ಳುವವನು ತನ್ನ ಉದ್ದೇಶವನ್ನು ತಿಳಿಸಿ, ಮಾರುವವನ ತಿಳಿವಳಿಕೆಯನ್ನು ನಂಬಿ ಕೊಂಡಾಗ, ವಸ್ತುವು ಆ ಉದ್ದೇಶಕ್ಕೆ ತಕ್ಕುದಾಗಿರಬೇಕೆಂದು 16ನೆಯ ಕಲಂ ವಿಧಿಸುತ್ತದೆ. ಮನೆಯಲ್ಲಿ ಸಾಕಲು, ಪ್ರದರ್ಶನಕ್ಕೆ ಅಥವಾ ಮುಂದೆ ಮರಿ ಮಾಡಿಸಲು ಎಂಬ ಮೂರು ಉದ್ದೇಶಗಳು ಬೇರೆ ಬೇರೆ. ಯಾವುದಕ್ಕೆಂದು ಬರೆದಿದ್ದಾಗ ಮಾತ್ರ ಈ ಕಲಮಿನ ಪೂರ್ಣ ಪ್ರಯೋಜನ ಸಿಗುತ್ತದೆ.

ಮರಿಯನ್ನು ಮನೆಗೆ ಒಯ್ದು ಯುಕ್ತ ಕಾಲದೊಳಗೆ ತಕರಾರು ಹೇಳದಿದ್ದರೆ ಅದನ್ನು ಸ್ವೀಕರಿಸಿದಂತೆ ಆಗುತ್ತದೆ. ಸ್ವೀಕಾರದ ನಂತರ ಮರಿಯನ್ನು ಹಿಂದಿರುಗಿಸುವ ಹಕ್ಕು ಸಾಮಾನ್ಯವಾಗಿ ಉಳಿಯುವುದಿಲ್ಲ, ನಷ್ಟಭರ್ತಿಯನ್ನು ಕೇಳುವ ಹಕ್ಕು ಮಾತ್ರ ಉಳಿಯುತ್ತದೆ. ವಾಸ್ತವದಲ್ಲಿ ಹೆಚ್ಚಿನ ಕುಟುಂಬಗಳಿಗೆ ಬೇಕಾದದ್ದೂ ಇದೇ. ಕೆಟ್ಟ ಫ್ಯಾನನ್ನು ಬದಲಿಸಿಕೊಂಡಂತೆ, ಮಕ್ಕಳು ಹೆಸರಿಟ್ಟು ಕರೆಯುತ್ತಿರುವ ಮರಿಯನ್ನು ಬದಲಿಸಿಕೊಳ್ಳಲು ಯಾರೂ ಮುಂದಾಗುವುದಿಲ್ಲ. ಆದ್ದರಿಂದ ರೋಗಗ್ರಸ್ತ ಮರಿಗೆ ಬದಲಿ ಮರಿ ಎಂಬ ಒಂದೇ ಪರಿಹಾರವನ್ನು ಬರೆಯುವ ಕರಾರು ಅಪೂರ್ಣವಾದುದು. ಚಿಕಿತ್ಸೆಯ ವೆಚ್ಚದ ಬಗ್ಗೆಯೂ ಅದು ಹೇಳಬೇಕು.

ಮುಂಗಡ ಹಣದ ಮುಟ್ಟುಗೋಲು, ಷರತ್ತು ಮುರಿದರೆ ಇಂತಿಷ್ಟು ದಂಡ ಎಂಬ ಬರಹಗಳು ಈ ಕರಾರುಗಳಲ್ಲಿ ಸಾಮಾನ್ಯ. ಕರಾರು ಕಾಯ್ದೆಯ 74ನೆಯ ಕಲಮಿನಂತೆ, ಬರೆದ ಮೊತ್ತವು ಗರಿಷ್ಠ ಮಿತಿಯಷ್ಟೇ. ಅದರೊಳಗೆ ಯುಕ್ತವೆನಿಸಿದ ಪರಿಹಾರವನ್ನು ಮಾತ್ರ ನ್ಯಾಯಾಲಯವು ಕೊಡಿಸುತ್ತದೆ.

ಆರೋಗ್ಯದ ಭರವಸೆ

ಮಾರಾಟದ ಕರಾರಿನಲ್ಲಿ ಅತಿ ಹೆಚ್ಚು ವಿವಾದಕ್ಕೆ ಒಳಗಾಗುವ ಭಾಗ ಇದು. ಮರಿಗಳನ್ನು ಕೊಲ್ಲುವ ಪಾರ್ವೊ ವೈರಸ್ ರೋಗದ ಲಕ್ಷಣಗಳು ಸೋಂಕು ತಗುಲಿದ ಮೇಲೆ ಸಾಮಾನ್ಯವಾಗಿ 3ರಿಂದ 7 ದಿನಗಳಲ್ಲಿ ಕಾಣಿಸಿಕೊಳ್ಳುತ್ತವೆ. ಡಿಸ್ಟೆಂಪರ್ ರೋಗವು ಅದಕ್ಕಿಂತ ಹೆಚ್ಚು ದಿನ ಅಡಗಿರಬಲ್ಲದು. ಮರಿಯನ್ನು ಒಯ್ದ ದಿನ ಅದು ಚಟುವಟಿಕೆಯಿಂದಲೇ ಇದ್ದಿರಬಹುದು. ಹೀಗಾಗಿ 24 ಅಥವಾ 48 ಗಂಟೆಗಳ ಭರವಸೆಯು ಇಂಥ ರೋಗಗಳಿಂದ ಕೊಳ್ಳುವವರನ್ನು ಕಾಪಾಡುವುದಿಲ್ಲ. ರೋಗವು ಹೊರಬೀಳುವ ಮೊದಲೇ ಅವಧಿಯು ತೀರಿರುತ್ತದೆ. ಇದಕ್ಕೆ ಪ್ರತಿಯಾಗಿ, ಹಲವು ವಾರಗಳ ನಂತರ ಬಂದ ಸೋಂಕಿಗೆ ಮಾರಿದವರನ್ನು ಹೊಣೆ ಮಾಡುವುದೂ ಸರಿಯಾಗದು, ಏಕೆಂದರೆ ಅದು ಹೊಸ ಮನೆಯಲ್ಲಿಯೇ ತಗುಲಿರಬಹುದು. ರೋಗದ ಅಡಗುಕಾಲವನ್ನು ಗಮನಿಸಿ ಭರವಸೆಯ ಅವಧಿಯನ್ನು ನಿಗದಿಪಡಿಸುವುದು, ಮರಿಯನ್ನು ಪಡೆದ ಒಂದೆರಡು ದಿನಗಳಲ್ಲಿ ಕೊಂಡವರೇ ಆರಿಸಿದ ಪಶುವೈದ್ಯರಿಂದ ತಪಾಸಣೆ ಮಾಡಿಸುವುದು, ಮರಿ ಸತ್ತರೆ ಮರಣೋತ್ತರ ಪರೀಕ್ಷೆ ನಡೆಸುವುದು, ಇವು ಎರಡೂ ಕಡೆಗೆ ನ್ಯಾಯ ಒದಗಿಸುವ ಷರತ್ತುಗಳು.

ಅನುವಂಶೀಯ ದೋಷಗಳಿಗೆ ಬೇರೆಯೇ ಅವಧಿ ಬೇಕು. ದೊಡ್ಡ ತಳಿಗಳಲ್ಲಿ ಕಾಣುವ ಸೊಂಟದ ಕೀಲಿನ ದೋಷವು ನಾಯಿಯು ಬೆಳೆದ ಮೇಲೆಯೇ ಎಕ್ಸ್-ರೇಯಲ್ಲಿ ಖಚಿತವಾಗುವಂಥದು. ಇಂಥ ದೋಷಗಳ ವಿಷಯದಲ್ಲಿ ಮರಿಯನ್ನು ಪರೀಕ್ಷಿಸುವುದಕ್ಕಿಂತ ತಂದೆತಾಯಿಗಳ ತಪಾಸಣೆಯ ವರದಿಯನ್ನು ಕೇಳುವುದೇ ಉಪಯುಕ್ತ.

ಮೌನ ಮತ್ತು ವಂಚನೆ

ದೋಷವನ್ನು ತಿಳಿದೂ ಹೇಳದಿರುವುದು ವಂಚನೆಯೇ ಎಂಬ ಪ್ರಶ್ನೆಗೆ ಕರಾರು ಕಾಯ್ದೆಯ 17ನೆಯ ಕಲಮಿನ ಉದಾಹರಣೆಗಳೇ ಉತ್ತರ ನೀಡುತ್ತವೆ. ಅವು ಕುದುರೆಯ ಮಾರಾಟಕ್ಕೆ ಸಂಬಂಧಿಸಿದವು. ಒಬ್ಬನು ತನ್ನ ಕುದುರೆಯು ರೋಗಗ್ರಸ್ತವೆಂದು ಬಲ್ಲವನಾಗಿದ್ದು, ಏನನ್ನೂ ಹೇಳದೆ ಹರಾಜಿನಲ್ಲಿ ಮಾರುತ್ತಾನೆ, ಇದು ವಂಚನೆಯಲ್ಲ. ಆದರೆ ಕೊಳ್ಳುವವನು, ಅಲ್ಲವೆಂದು ನೀನು ಹೇಳದಿದ್ದರೆ ಕುದುರೆ ಆರೋಗ್ಯವಾಗಿದೆ ಎಂದು ಭಾವಿಸುತ್ತೇನೆ ಎಂದಾಗಲೂ ಮಾರುವವನು ಸುಮ್ಮನಿದ್ದರೆ, ಆ ಮೌನವು ಮಾತಿಗೆ ಸಮನಾಗುತ್ತದೆ. ಪಕ್ಷಗಾರರ ಸಂಬಂಧವು ಹೇಳುವ ಕರ್ತವ್ಯವನ್ನು ಹೊರಿಸುವಂತಿದ್ದರೂ ಮೌನವು ವಂಚನೆಯಾಗಬಹುದು.

ನಾಯಿಯ ವ್ಯವಹಾರಕ್ಕೆ ಇದರ ಅನ್ವಯ ಸ್ಪಷ್ಟವಾಗಿದೆ. ಈ ಸೂಲಿನ ಬೇರೆ ಮರಿಗಳು ಸತ್ತಿವೆಯೆ, ತಾಯಿಗೆ ಅಥವಾ ತಂದೆಗೆ ಅನುವಂಶೀಯ ರೋಗವಿದೆಯೆ, ಲಸಿಕೆಗಳನ್ನು ಪಶುವೈದ್ಯರೇ ಹಾಕಿದ್ದಾರೆಯೆ ಎಂಬ ಪ್ರಶ್ನೆಗಳನ್ನು ಬರವಣಿಗೆಯಲ್ಲಿ ಕೇಳಿದ ಕ್ಷಣದಿಂದ ಮಾರುವವರ ಮೌನಕ್ಕೆ ಕಾನೂನಿನ ಅರ್ಥ ಬರುತ್ತದೆ. ವಂಚನೆ ಅಥವಾ ತಪ್ಪು ನಿರೂಪಣೆಯಿಂದ ಪಡೆದ ಒಪ್ಪಿಗೆಯ ಕರಾರನ್ನು, ಮೋಸಹೋದವರ ಇಚ್ಛೆಯಂತೆ, 19ನೆಯ ಕಲಮಿನ ಪ್ರಕಾರ ರದ್ದುಪಡಿಸಬಹುದು.

ಜಂಟಿ ಒಡೆತನ ಮತ್ತು ಸೂಲಿನ ಗುತ್ತಿಗೆ

ಹೆಣ್ಣುಮರಿಯನ್ನು ಕಡಿಮೆ ಬೆಲೆಗೆ ಅಥವಾ ಉಚಿತವಾಗಿ ಇನ್ನೊಂದು ಮನೆಯಲ್ಲಿ ಸಾಕಲು ಬಿಟ್ಟು, ಮುಂದೆ ಅದರ ಒಂದು ಅಥವಾ ಎರಡು ಸೂಲಿನ ಮರಿಗಳಲ್ಲಿ ಪಾಲು ಪಡೆಯುವ ಪದ್ಧತಿಯಿದೆ. ಹಳ್ಳಿಗಳಲ್ಲಿ ಕುರಿ, ಆಡು, ಆಕಳುಗಳನ್ನು ಪಾಲಿಗೆ ಸಾಕಲು ಕೊಡುವ ಪದ್ಧತಿಗೆ ಇದು ಸಮೀಪದ್ದು.

ಒಡೆತನವನ್ನು ಉಳಿಸಿಕೊಂಡು ವಶವನ್ನು ಮಾತ್ರ ಒಪ್ಪಿಸಿದಾಗ ಅದು ಕರಾರು ಕಾಯ್ದೆಯ 148ನೆಯ ಕಲಂ ಹೇಳುವ ನಿಕ್ಷೇಪ ವ್ಯವಹಾರವಾಗುತ್ತದೆ. ವಶಕ್ಕೆ ಪಡೆದವನು ಸಾಮಾನ್ಯ ವಿವೇಕವುಳ್ಳ ಮನುಷ್ಯನು ತನ್ನ ಸ್ವಂತ ವಸ್ತುವನ್ನು ನೋಡಿಕೊಳ್ಳುವಷ್ಟು ಎಚ್ಚರದಿಂದ ಅದನ್ನು ನೋಡಿಕೊಳ್ಳಬೇಕು. ಒಪ್ಪಂದದಲ್ಲಿ ಇಲ್ಲದ ರೀತಿಯಲ್ಲಿ ಬಳಸಿದರೆ, ಉದಾಹರಣೆಗೆ ಅನುಮತಿಯಿಲ್ಲದೆ ಬೇರೊಂದು ಗಂಡುನಾಯಿಯೊಡನೆ ಕೂಡಿಸಿದರೆ, ಅದರಿಂದಾದ ಹಾನಿಗೆ 154ನೆಯ ಕಲಮಿನಂತೆ ಅವನೇ ಹೊಣೆ. ಪ್ರತಿಫಲವಿಲ್ಲದೆ ನೋಡಿಕೊಳ್ಳುವವನು ಮಾಡಿದ ಅಗತ್ಯ ಖರ್ಚುಗಳನ್ನು ಒಡೆಯನು ಮರಳಿಸಬೇಕೆಂಬುದು 158ನೆಯ ಕಲಮಿನ ನಿಯಮ.

ಹುಟ್ಟಿದ ಮರಿಗಳು ಯಾರವು ಎಂಬ ಪ್ರಶ್ನೆಗೆ 163ನೆಯ ಕಲಂ ನೇರವಾಗಿ ಉತ್ತರಿಸುತ್ತದೆ. ಬೇರೆ ಕರಾರು ಇಲ್ಲದಿದ್ದರೆ, ವಶಕ್ಕೆ ಕೊಟ್ಟ ವಸ್ತುವಿನಿಂದ ಬಂದ ವೃದ್ಧಿಯು ಒಡೆಯನಿಗೇ ಸೇರಬೇಕು. ಕಾಯ್ದೆಯು ಇಲ್ಲಿ ಕೊಡುವ ಉದಾಹರಣೆ ಹಸುವಿನದು: ನೋಡಿಕೊಳ್ಳಲು ಬಿಟ್ಟ ಹಸು ಕರು ಹಾಕಿದರೆ ಹಸುವಿನೊಡನೆ ಕರುವನ್ನೂ ಒಪ್ಪಿಸಬೇಕು. ವರ್ಷಗಟ್ಟಲೆ ನಾಯಿಯನ್ನು ಸಾಕಿ, ಹೆರಿಗೆಯ ರಾತ್ರಿಗಳನ್ನು ನಿದ್ದೆಗೆಟ್ಟು ಕಳೆದ ಮನೆಯವರು ಪಾಲಿನ ಮಾತನ್ನು ಬರೆದಿಟ್ಟುಕೊಳ್ಳದಿದ್ದರೆ, ಈ ಕಲಮಿನ ಮುಂದೆ ಅವರ ವಾದಕ್ಕೆ ಬಲ ಸಾಲದು. ಎಷ್ಟು ಸೂಲುಗಳ ನಂತರ ನಾಯಿಯ ಪೂರ್ಣ ಒಡೆತನವು ಸಾಕಿದವರಿಗೆ ಸೇರುತ್ತದೆ ಎಂಬುದನ್ನೂ ಬರೆಯಬೇಕಾಗುತ್ತದೆ.

ವಂಶಾವಳಿ ಪತ್ರ

ಭಾರತದ ಕೆನಲ್ ಕ್ಲಬ್ ಚೆನ್ನೈಯಲ್ಲಿ ಕೇಂದ್ರ ಕಾರ್ಯಾಲಯವನ್ನು ಹೊಂದಿದ್ದು, 1896ರಿಂದ ತನ್ನ ಇತಿಹಾಸವನ್ನು ಗುರುತಿಸುತ್ತದೆ. ಅದು ನಾಯಿಗಳ ವಂಶಾವಳಿಯನ್ನು ದಾಖಲಿಸಿ ಪ್ರಮಾಣಪತ್ರ ಕೊಡುತ್ತದೆ. ಕೊಳ್ಳುವವರು ಎರಡು ವಿಷಯಗಳನ್ನು ಬೇರ್ಪಡಿಸಿ ನೋಡಬೇಕಾಗುತ್ತದೆ. ಕೆನಲ್ ಕ್ಲಬ್ಬಿನ ನೋಂದಣಿಯು ನಾಯಿಯ ವಂಶಕ್ಕೆ ಸಂಬಂಧಿಸಿದ್ದು. ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯ ನೋಂದಣಿಯು ಮಾರುವವರಿಗೆ ಸಂಬಂಧಿಸಿದ್ದು. ಒಂದು ಇನ್ನೊಂದರ ಸ್ಥಾನವನ್ನು ತುಂಬಲಾರದು. ವಂಶಾವಳಿ ಪತ್ರವು ಆರೋಗ್ಯದ ಪ್ರಮಾಣವೂ ಅಲ್ಲ. ಪತ್ರವನ್ನು ಆಮೇಲೆ ಕಳುಹಿಸುವುದಾಗಿ ಹೇಳಿ ಹೆಚ್ಚಿನ ಬೆಲೆ ಪಡೆದಾಗ, ಕೊಡಬೇಕಾದ ದಿನಾಂಕ ಮತ್ತು ಕೊಡದಿದ್ದರೆ ಮರಳಿಸಬೇಕಾದ ಹಣವನ್ನು ಬರೆದಿರಬೇಕು. ಮರಿಯ ಮೈಕ್ರೋಚಿಪ್ ಸಂಖ್ಯೆಯು ಪತ್ರದಲ್ಲಿಯೂ ಕರಾರಿನಲ್ಲಿಯೂ ಒಂದೇ ಆಗಿರಬೇಕು.

ಇತರ ಹೊಣೆಗಾರಿಕೆಗಳು

ಮಾರಾಟವಾಗದ ಮರಿಗಳನ್ನು ಅಥವಾ ಮರಿ ಹಾಕುವ ವಯಸ್ಸು ಮೀರಿದ ತಾಯಿಯನ್ನು ಬೀದಿಗೆ ಬಿಡುವುದು ಅಪರಾಧ. ಹಸಿವು ಬಾಯಾರಿಕೆಗಳಿಂದ ನರಳುವ ಸ್ಥಿತಿಯಲ್ಲಿ ಪ್ರಾಣಿಯನ್ನು ತೊರೆಯುವುದು 1960ರ ಕಾಯ್ದೆಯ 11ನೆಯ ಕಲಮಿನಲ್ಲಿ ಕ್ರೌರ್ಯವೆಂದು ಹೆಸರಿಸಲ್ಪಟ್ಟಿದೆ. ಅಂಗಚ್ಛೇದವೂ ಅದೇ ಕಲಮಿನ ಅಪರಾಧ. ಅಂದಕ್ಕಾಗಿ ಕಿವಿ ಅಥವಾ ಬಾಲವನ್ನು ಕತ್ತರಿಸುವುದಕ್ಕೆ ಕಲಮಿನ ವಿನಾಯಿತಿಗಳ ಪಟ್ಟಿಯಲ್ಲಿ ಸ್ಥಾನವಿಲ್ಲ. ಪ್ರಾಣಿಯನ್ನು ಕೊಲ್ಲುವುದು ಅಥವಾ ಊನಗೊಳಿಸುವುದು ಭಾರತೀಯ ನ್ಯಾಯ ಸಂಹಿತೆಯ 325ನೆಯ ಕಲಮಿನಂತೆ 5 ವರ್ಷಗಳವರೆಗಿನ ಸೆರೆವಾಸಕ್ಕೆ ಗುರಿಮಾಡಬಲ್ಲದು.

ಹೊಣೆಯು ಕೊಂಡವರ ಮೇಲೂ ಇದೆ. ನಾಯಿಯು ತಮ್ಮ ವಶಕ್ಕೆ ಬಂದ ದಿನದಿಂದ 3ನೆಯ ಕಲಮಿನ ಕರ್ತವ್ಯ ಅವರದಾಗುತ್ತದೆ. ನಾಯಿಯಿಂದ ಇತರರಿಗೆ ಅಪಾಯವಾಗದಂತೆ ಯುಕ್ತ ಎಚ್ಚರ ವಹಿಸದಿದ್ದರೆ ನ್ಯಾಯ ಸಂಹಿತೆಯ 291ನೆಯ ಕಲಮಿನಂತೆ 6 ತಿಂಗಳವರೆಗೆ ಸೆರೆವಾಸ ಅಥವಾ 5,000 ರೂಪಾಯಿಗಳವರೆಗೆ ದಂಡ, ಇಲ್ಲವೆ ಎರಡನ್ನೂ ವಿಧಿಸಬಹುದು.

ವಿವಾದಗಳ ಪರಿಹಾರ

ಮನೆಯಲ್ಲಿ ಸಾಕಲು ಮರಿಯನ್ನು ಕೊಂಡವರು ಗ್ರಾಹಕರು. ಅವರು ತಾವು ವಾಸಿಸುವ ಜಿಲ್ಲೆಯ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು; ಬೇರೆ ಊರಿನ ಮಾರಾಟಗಾರರಿಂದ ಮರಿಯನ್ನು ತರಿಸಿಕೊಂಡವರಿಗೆ ಇದು ದೊಡ್ಡ ಅನುಕೂಲ. ದೂರಿಗೆ ಕಾರಣ ಉಂಟಾದ ದಿನದಿಂದ 2 ವರ್ಷಗಳೊಳಗೆ ದೂರನ್ನು ಸಲ್ಲಿಸಬೇಕು. ಕೊಟ್ಟ ಬೆಲೆಯು 5 ಲಕ್ಷ ರೂಪಾಯಿಗಳನ್ನು ಮೀರದಿದ್ದರೆ ಶುಲ್ಕವಿಲ್ಲ. ವಕೀಲರನ್ನು ನೇಮಿಸಿಕೊಳ್ಳುವುದೂ ಕಡ್ಡಾಯವಲ್ಲ. ವ್ಯಾಪಾರದ ಉದ್ದೇಶಕ್ಕೆ ಕೊಂಡವರು ಗ್ರಾಹಕರೆನಿಸುವುದಿಲ್ಲ, ಆದರೆ ಸ್ವಂತ ದುಡಿಮೆಯಿಂದ ಜೀವನ ನಡೆಸಲೆಂದೇ ಕೊಂಡವರಿಗೆ ವಿನಾಯಿತಿ ಇದೆ. ತಳಿ ಸಂವರ್ಧಕರ ನಡುವಣ ಸಂಯೋಗ ಒಪ್ಪಂದ ಮತ್ತು ಜಂಟಿ ಒಡೆತನದ ವಿವಾದಗಳು ಸಾಮಾನ್ಯವಾಗಿ ಸಿವಿಲ್ ನ್ಯಾಯಾಲಯಕ್ಕೆ ಹೋಗುತ್ತವೆ. ಅಲ್ಲಿ ಕರಾರು ಮುರಿದ ದಿನದಿಂದ 3 ವರ್ಷಗಳ ಕಾಲಮಿತಿಯಿದೆ. ನಿಯಮಗಳ ಉಲ್ಲಂಘನೆಯ ಬಗ್ಗೆ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಗೆ ದೂರು ನೀಡಬಹುದು.

ಕರ್ನಾಟಕದಲ್ಲಿ

ಬಾಗಲಕೋಟೆ ಜಿಲ್ಲೆಯ ಮುಧೋಳವು ತನ್ನ ಹೆಸರಿನದೇ ಬೇಟೆನಾಯಿಯಿಂದ ಪ್ರಸಿದ್ಧ. ಮುಧೋಳ ಸಂಸ್ಥಾನದ ಅರಸರಾಗಿದ್ದ ಮಾಲೋಜಿರಾವ್ ಘೋರ್ಪಡೆಯವರು ಈ ತಳಿಯನ್ನು ಪೋಷಿಸಿದರು. ಮುಧೋಳದ ಸಮೀಪದ ತಿಮ್ಮಾಪುರದಲ್ಲಿ ಬೀದರಿನ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವು ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವನ್ನು ನಡೆಸುತ್ತಿದೆ. 2005ರ ಜನವರಿಯಲ್ಲಿ ಅಂಚೆ ಇಲಾಖೆಯು ಹೊರತಂದ ದೇಶಿ ನಾಯಿಗಳ ಅಂಚೆಚೀಟಿಗಳಲ್ಲಿ ಮುಧೋಳ ನಾಯಿಯೂ ಒಂದು. 2016ರಲ್ಲಿ ಭಾರತೀಯ ಸೇನೆಯು ಈ ತಳಿಯ ಮರಿಗಳನ್ನು ತರಬೇತಿಗಾಗಿ ಪಡೆಯಿತು. ಮುಧೋಳ ಪರಿಸರದ ಅನೇಕ ರೈತ ಕುಟುಂಬಗಳಿಗೆ ಮರಿಗಳ ಮಾರಾಟವು ಉಪಕಸುಬಾಗಿದೆ. ಈ ತಳಿಯನ್ನು ಭಾರತದ ಕೆನಲ್ ಕ್ಲಬ್ ಕಾರವಾನ್ ಹೌಂಡ್ ಎಂಬ ಹೆಸರಿನಲ್ಲಿ ದಾಖಲಿಸಿದರೆ, ಇಂಡಿಯನ್ ನ್ಯಾಷನಲ್ ಕೆನಲ್ ಕ್ಲಬ್ ಮುಧೋಳ ಹೌಂಡ್ ಎಂದು ದಾಖಲಿಸುತ್ತದೆ. ಆದ್ದರಿಂದ ಮಾರಾಟದ ಕರಾರಿನಲ್ಲಿ ತಳಿಯ ಹೆಸರಿನೊಡನೆ ಯಾವ ಸಂಸ್ಥೆಯ ಪತ್ರವನ್ನು ಕೊಡಲಾಗುವುದು ಎಂಬುದನ್ನೂ ನಮೂದಿಸುವುದು ಅವಶ್ಯಕ.

2024ರ ಮಾರ್ಚ್ 12ರಂದು ಕೇಂದ್ರ ಪಶುಸಂಗೋಪನೆ ಮತ್ತು ಹೈನುಗಾರಿಕೆ ಇಲಾಖೆಯು, ಮನುಷ್ಯರಿಗೆ ಅಪಾಯಕಾರಿ ಎಂಬ ಕಾರಣದಿಂದ ಪಿಟ್‌ಬುಲ್, ರಾಟ್‌ವೈಲರ್ ಮೊದಲಾದ 23 ಬಗೆಯ ನಾಯಿಗಳ ಆಮದು, ಸಂವರ್ಧನೆ ಮತ್ತು ಮಾರಾಟವನ್ನು ತಡೆಯುವಂತೆ ರಾಜ್ಯಗಳಿಗೆ ಸುತ್ತೋಲೆ ಕಳುಹಿಸಿತು. ಸಂಬಂಧಪಟ್ಟವರ ಅಹವಾಲನ್ನು ಕೇಳದೆ ಅದನ್ನು ಹೊರಡಿಸಲಾಗಿದೆ ಎಂಬ ಕಾರಣದಿಂದ ಕರ್ನಾಟಕ ಉಚ್ಚ ನ್ಯಾಯಾಲಯವು ಏಪ್ರಿಲ್ 10ರಂದು ಆ ಸುತ್ತೋಲೆಯನ್ನು ರದ್ದುಪಡಿಸಿತು. ಸೂಕ್ತ ಸಮಾಲೋಚನೆಯ ನಂತರ ಹೊಸದಾಗಿ ಕ್ರಮ ಕೈಗೊಳ್ಳುವ ಅವಕಾಶವನ್ನು ಸರ್ಕಾರಕ್ಕೆ ಉಳಿಸಲಾಯಿತು.

ಮಿತಿಗಳು

ಕ್ರೌರ್ಯ ತಡೆ ಕಾಯ್ದೆಯ 11ನೆಯ ಕಲಂ ಮೊದಲ ಅಪರಾಧಕ್ಕೆ ವಿಧಿಸುವ ದಂಡ 10 ರೂಪಾಯಿಗಳಿಂದ 50 ರೂಪಾಯಿಗಳವರೆಗೆ ಮಾತ್ರ. ಮೂರು ವರ್ಷಗಳೊಳಗೆ ಅಪರಾಧವು ಮರುಕಳಿಸಿದರೆ 25ರಿಂದ 100 ರೂಪಾಯಿಗಳವರೆಗೆ ದಂಡ ಅಥವಾ 3 ತಿಂಗಳವರೆಗೆ ಸೆರೆವಾಸ, ಇಲ್ಲವೆ ಎರಡೂ. ಒಂದು ಮರಿಯ ಬೆಲೆಯೇ ಸಾವಿರಾರು ರೂಪಾಯಿಗಳಾಗಿರುವಾಗ ಈ ದಂಡವು ಯಾರನ್ನೂ ತಡೆಯಲಾರದೆಂಬ ಟೀಕೆ ಬಹುಕಾಲದಿಂದ ಇದೆ. ನೋಂದಣಿಯಿಲ್ಲದೆ ನಡೆಯುವ ಸಂವರ್ಧನೆಯನ್ನು ಪತ್ತೆಹಚ್ಚುವುದೂ ಕಷ್ಟಸಾಧ್ಯ.

ಈ ಸ್ಥಿತಿಯಲ್ಲಿ ಖಾಸಗಿ ಕರಾರು ಕಾನೂನಿನ ಕೊರತೆಯನ್ನು ಕೆಲಮಟ್ಟಿಗೆ ತುಂಬುತ್ತದೆ. ಆದರೆ ಕರಾರು ರಕ್ಷಿಸುವುದು ಅದಕ್ಕೆ ಸಹಿ ಹಾಕಿದವರ ಹಿತವನ್ನು. ಸಂಯೋಗ ಒಪ್ಪಂದವಾಗಲಿ ಮಾರಾಟದ ಒಪ್ಪಂದವಾಗಲಿ ತಾಯಿನಾಯಿಗೆ ಎಷ್ಟು ಬಿಡುವು ಬೇಕೆಂಬುದನ್ನು ತಾನಾಗಿ ಕೇಳುವುದಿಲ್ಲ. ಆ ಪ್ರಶ್ನೆಯನ್ನು ಕೇಳುವುದು 2017ರ ನಿಯಮಗಳು ಮಾತ್ರ. ಆದ್ದರಿಂದ ನೋಂದಣಿ ಸಂಖ್ಯೆ, ತಾಯಿಯ ವಯಸ್ಸು, ಹಿಂದಿನ ಸೂಲಿನ ದಿನಾಂಕ ಮತ್ತು ಪಶುವೈದ್ಯರ ಪ್ರಮಾಣಪತ್ರ ಇವುಗಳನ್ನು ಮರಿ ಮಾರಾಟದ ಕರಾರಿನಲ್ಲಿಯೇ ನಮೂದಿಸಿದರೆ, ಕೊಳ್ಳುವವರ ಹಿತದೊಡನೆ, ಕರಾರಿನಲ್ಲಿ ಪಕ್ಷಗಾರನಲ್ಲದ ಪ್ರಾಣಿಯ ಹಿತಕ್ಕೂ ಅದು ದಾಖಲೆಯಾಗುತ್ತದೆ.